ಹೆದರಿಕೆಯಿಂದ ಕೋಣೆ ಅಳೆದವರು

ಆಪಾ ನಮ್ಮ ಮನೆಗೆ ಬಂದ ದಿನ ಮಾಡಿದ ಮೊದಲ ಕೆಲಸವೆಂದರೆ ನನ್ನ ಮಗಳ ಮಂಚದ ಮೇಲೆ ಉದ್ದಕ್ಕೆ ಮಲಗಿದ್ದು. ಚಹಾ ಬೇಡವೆಂದರು, ನೀರು ಬೇಡವೆಂದರು. ಚಪ್ಪಲಿ ಬಿಟ್ಟು ನೇರ ಕೋಣೆಗೆ ಹೋದವರು ಬುರ್ಖಾ ಸರಿಮಾಡಿಕೊಂಡು, ಕೈಚೀಲವನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿಯೇಬಿಟ್ಟರು. ಬಾಗಿಲಲ್ಲಿ ನಿಂತಿದ್ದ ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಇದೇನಪ್ಪಾ ಕರ್ಮ, ಮಂಚ ಎಲ್ಲಿಡಬೇಕು ಅಂತ ಕೇಳಲು ಕರೆಸಿದರೆ ಇವರೇ ನಿದ್ದೆ ಹೊಡೆಯುವ ಹಾಗಿದೆಯಲ್ಲ ಎಂದುಕೊಂಡೆ. ಆಕೆ ಮಾತ್ರ ಕಣ್ಣು ಅಗಲಿಸಿಕೊಂಡು ಸೂರು ನೋಡಿದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕತ್ತು ಎತ್ತಿ ಬಾಗಿಲು ಕಾಣುತ್ತದೆಯೇ ಎಂದು ನೋಡಿದರು. ಆಮೇಲೆ ಎದ್ದು ಕೂತು ಹಣೆಯ ಬೆವರು ಒರೆಸಿಕೊಂಡು, "ಈ ರೂಮ್ನಾಗೆ ನಂಗೆ ಹೆದರಿಕೆ ಆಗ್ತೈತೆ ತಂಗಿ" ಎಂದರು.

ಆ ಆಪಾ ಕಳೆದ ತಿಂಗಳು ಹರಿಹರದಲ್ಲಿ ತೀರಿಕೊಂಡರು. ಅವರ ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಅವರಿದ್ದ ಬೀದಿಯಲ್ಲಿ ಹಿಂದೂಗಳಿಗೂ ಮುಸಲ್ಮಾನರಿಗೂ, ತರಕಾರಿ ಗಾಡಿಯವನಿಗೂ ಕಾಲೇಜಿನ ಮೇಷ್ಟರಿಗೂ ಅವರು ಆಪಾ, ಅಂದರೆ ಅಕ್ಕ. ನಾನೂ ಬೇರೆ ಹೆಸರಿನಿಂದ ಕರೆದವಳಲ್ಲ, ಇಲ್ಲಿಯೂ ಹಾಗೇ ಇರಲಿ. ಕನ್ನಡಿ, ಫೋಟೊ ಫ್ರೇಮು, ಕಿಟಕಿಯ ಗಾಜು ಮಾರುವ ಅಂಗಡಿ ಅವರದು, ತಂದೆ ಬಿಟ್ಟುಹೋದದ್ದು. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರ ಮಹಡಿಯ ಮೇಲೆ, ಇವರ ಬಿಡಾರ ಅಂಗಡಿಯ ಹಿಂದೆ.

ಅಷ್ಟು ಹೆದರುಪುಕ್ಕಲ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಕುಕ್ಕರ್ ಸೀಟಿ ಹಾಕಿದರೆ ಬೆಚ್ಚುತ್ತಿದ್ದರು. ದಾವಣಗೆರೆಯಲ್ಲಿ ರಸ್ತೆ ದಾಟಬೇಕೆಂದರೆ ನನ್ನ ಮೊಣಕೈಯನ್ನು ಉಗುರು ನಾಟುವಂತೆ ಹಿಡಿದುಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಡ್ರೈವರಿಗೆ ಕಾಣುವ ಸೀಟಿನಲ್ಲೇ ಕೂರಬೇಕು, ಇಲ್ಲದಿದ್ದರೆ ಅವನು ತಮ್ಮನ್ನು ಮರೆತು ಜೋರಾಗಿ ಓಡಿಸುತ್ತಾನೆಂಬ ಭಯ. ಅದೇ ಹೆಂಗಸು ಆಳೆತ್ತರದ ಗಾಜನ್ನು ಬರಿಗೈಯಲ್ಲಿ ಎತ್ತಿ ಗೋಡೆಗೆ ಒರಗಿಸುವಾಗ ರೆಪ್ಪೆ ಕೂಡ ಮಿಟುಕಿಸುತ್ತಿರಲಿಲ್ಲ. ಗಾಜು ಒಡೆದರೆ ಏನಾಗುತ್ತದೆಂದು ಗೊತ್ತಿರುತ್ತದೆ, ಗೊತ್ತಿಲ್ಲದ್ದಕ್ಕೆ ತಾನು ಹೆದರುವುದು ಎನ್ನುತ್ತಿದ್ದರು.

ಗಾಜಿನ ಅಂಗಡಿಯವರು ಫೆಂಗ್ ಶೂಯಿ ಎಂಬ ಈ ಚೀನಾದ ವಾಸ್ತು ಹಿಡಿದದ್ದು ಹೇಗೆಂದು ನಾನು ಒಮ್ಮೆ ಕೇಳಿದ್ದೆ. ಕನ್ನಡಿ ಕೊಂಡವರೆಲ್ಲ ಇದನ್ನು ಯಾವ ಗೋಡೆಗೆ ಹಾಕಬೇಕು ಆಪಾ ಎಂದು ಕೇಳುತ್ತಿದ್ದರಂತೆ. ಕನ್ನಡಿ ಸರಬರಾಜು ಮಾಡುವವನೊಬ್ಬ ಹಿಂದಿಯಲ್ಲಿದ್ದ ಸಣ್ಣ ಪುಸ್ತಕ ತಂದುಕೊಟ್ಟನಂತೆ. ಅದನ್ನು ಓದಿಕೊಂಡು ಹೇಳತೊಡಗಿದರು. ಕನ್ನಡಿಯಿಂದ ಮಂಚಕ್ಕೆ ಬಂತು, ಮಂಚದಿಂದ ಓದುವ ಮೇಜಿಗೆ ಬಂತು. ಕೊನೆಗೆ ದಾವಣಗೆರೆಯಿಂದಲೂ ಜನ ಹುಡುಕಿಕೊಂಡು ಹೋಗುವಂತಾಯಿತು. ಇದೆಲ್ಲ ನಮ್ಮ ಪದ್ಧತಿಯಲ್ಲ ಎಂದು ತಮ್ಮ ಗೊಣಗುತ್ತಿದ್ದನಂತೆ. ನಾನೇನು ಪೂಜೆ ಮಾಡಿಸ್ತೀನಾ, ತಾಯತ ಕಟ್ತೀನಾ, ಸಾಮಾನು ಎಲ್ಲಿಡಬೇಕು ಅಂತಷ್ಟೇ ಹೇಳ್ತೀನಿ ಎಂದು ಅವನ ಬಾಯಿ ಮುಚ್ಚಿಸಿದ್ದರು. ನಗುವ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿದ ಕಪ್ಪೆ, ಗಾಳಿಗೆ ಕಿಣಿಕಿಣಿ ಎನ್ನುವ ಕೊಳವೆಗಳು, ಇವನ್ನು ಅವರು ಮಾರಲೂ ಇಲ್ಲ, ಯಾರ ಮನೆಯಲ್ಲೂ ಇಡಿಸಲೂ ಇಲ್ಲ. ಓದುವ ಮಕ್ಕಳ ಕೋಣೆಗೆಂದು ಕರೆದರೆ ಮಾತ್ರ ಬಿಡಿಗಾಸೂ ಮುಟ್ಟದೆ ಬರುತ್ತಿದ್ದರು.

ಅವರನ್ನು ನಮ್ಮ ಮನೆಗೆ ಕರೆಸಿದ್ದು ನನ್ನ ಯಜಮಾನರು. ಗುತ್ತೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಯಂತ್ರಗಳ ನಡುವೆ ದಿನವೆಲ್ಲ ಕಳೆಯುವ ಮನುಷ್ಯ ಮನೆಗೆ ಬಂದರೆ ದಿಕ್ಕು, ಮೂಲೆ, ವಾಸ್ತು ಎಂದು ತಲೆ ತಿನ್ನುತ್ತಾರೆ. ನಮ್ಮ ಅಡುಗೆಮನೆಯ ಒಲೆ ನಿಂತ ಜಾಗದಲ್ಲಿ ನಿಂತದ್ದೇ ಇಲ್ಲ. ನಾನು ಇಂಥದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ ನಾನು, ಊರವರ ನಂಬಿಕೆಗಳನ್ನೆಲ್ಲ ಕೌಂಟರಿನ ಈಚೆ ಕೂತು ನೋಡಿದವಳು. ಆದರೆ ಆ ವರ್ಷ ಯಾರು ಏನು ಹೇಳಿದರೂ ಹೂಂ ಎನ್ನುವ ಸ್ಥಿತಿಯಲ್ಲಿದ್ದೆ. ನನಗೆ ಹೆದರಿಕೆಯಾಗಿತ್ತು. ಎಂಥ ಹೆದರಿಕೆಯೆಂದು ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನನ್ನ ಮಗಳು ಬಾಗಿಲು ಹಾಕಿಕೊಂಡು ಒಳಗೆ ಏನಾದರೂ ಮಾಡಿಕೊಂಡಾಳು ಎಂಬ ಹೆದರಿಕೆ.

ಚೈತ್ರ ಆಗ ದ್ವಿತೀಯ ಪಿಯುಸಿ. ಜೊತೆಗೆ ನೀಟ್ ಪರೀಕ್ಷೆಯ ಕೋಚಿಂಗು. ಅವಳ ಜೊತೆ ಕೋಚಿಂಗಿಗೆ ಬರುತ್ತಿದ್ದ ಮಾಯಕೊಂಡ ಕಡೆಯ ಹುಡುಗಿಯೊಬ್ಬಳು, ನಮ್ಮ ಮನೆಯಲ್ಲಿ ಒಂದೆರಡು ಸಲ ಮಂಡಕ್ಕಿ ತಿಂದು ನಕ್ಕು ಹೋಗಿದ್ದವಳು, ಹಾಸ್ಟೆಲ್ಲಿನಲ್ಲಿ ಜೀವ ಕಳೆದುಕೊಂಡಳು. ಯಾಕೆಂದು ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಚೈತ್ರ ಅಳಲಿಲ್ಲ. ಅಂದಿನಿಂದ ಕೋಣೆಗೆ ಹೋದವಳೇ ಒಳಗಿನಿಂದ ಚಿಲಕ ಹಾಕತೊಡಗಿದಳು. ಆ ಚಿಲಕ ಕಟಕ್ ಎಂದಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಏಳುತ್ತಿದ್ದೆ. ಹಾಲು ತಂದಿದ್ದೇನೆ, ಬಟ್ಟೆ ಕೊಡು ಒಗೆಯೋಕೆ, ಹಲ್ಲಿ ಬಂತಾ ಒಳಗೆ, ಹೀಗೆ ಏನೇನೋ ನೆಪ ಮಾಡಿಕೊಂಡು ಬಾಗಿಲು ಬಡಿಯುತ್ತಿದ್ದೆ. ಒಳಗಿಂದ "ಏನಮ್ಮಾ" ಎಂಬ ದನಿ ಬಂದರೆ ನನ್ನ ಜೀವ ಜಾಗಕ್ಕೆ ಬರುತ್ತಿತ್ತು.

ಮಂಚದಿಂದೆದ್ದ ಆಪಾ ಹೆದರಿಕೆಯೆಂದು ಹೇಳಿದ್ದಕ್ಕೆ ಕಾರಣ ನಮ್ಮ ಯಜಮಾನರೇ ಗೋಡೆಗೆ ಹಾಕಿದ್ದ ಹಾಳೆ. ಮಲಗಿದರೆ ನೇರ ಕಣ್ಣಿಗೆ ಬೀಳುವ ಹಾಗೆ, ಸ್ಟೆಥಾಸ್ಕೋಪಿನ ಚಿತ್ರದ ಕೆಳಗೆ ದೊಡ್ಡ ಅಕ್ಷರದಲ್ಲಿ 'ಡಾ. ಚೈತ್ರ' ಎಂದು ಪ್ರಿಂಟು ಹಾಕಿಸಿ ಅಂಟಿಸಿದ್ದರು. ಕಣ್ಣು ಮುಚ್ಚುವಾಗಲೂ ಇದೇ, ಬಿಡುವಾಗಲೂ ಇದೇ, ಮಗು ಮಲಗೋದು ಯಾವಾಗ ಎಂದು ಆಪಾ ಕೇಳಿದರು. ಯಜಮಾನರು ಕೆಮ್ಮಿ ಬೇರೆ ಕಡೆ ನೋಡಿದರು. ಹಾಳೆ ಕೆಳಗಿಳಿಯಿತು. ತಲೆದಿಂಬಿನ ಮೇಲಿದ್ದ ಪುಸ್ತಕದ ಹಲಗೆ ಬೇರೆ ಗೋಡೆಗೆ ಹೋಯಿತು, ಪುಸ್ತಕದ ಭಾರ ನಿದ್ದೆಯ ಮೇಲೆ ಬೀಳಬಾರದಂತೆ. ಮಂಚಕ್ಕೆ ಎದುರಾಗಿದ್ದ ಬೀರುವಿನ ಕನ್ನಡಿಗೆ ಬಟ್ಟೆ ಬಿತ್ತು. ಕನ್ನಡಿ ಮಾರುವವರೇ ಕನ್ನಡಿ ಮುಚ್ಚಿಸುತ್ತೀರಲ್ಲ ಆಪಾ ಎಂದು ನಾನು ಕಾಲೆಳೆದೆ. ಸಣ್ಣದೊಂದು ಕೊಡುತ್ತೇನೆ, ಅಂಗಡಿಗೆ ಬಾ ಎಂದು ಸೀರಿಯಸ್ಸಾಗಿಯೇ ಹೇಳಿದರು.

ಆಮೇಲೆ ಓದುವ ಕುರ್ಚಿಯ ಪರೀಕ್ಷೆ. ಮೇಜು ಗೋಡೆಗೆ ತಾಗಿತ್ತು, ಕೂತರೆ ಬೆನ್ನು ಬಾಗಿಲಿಗೆ. ಆಪಾ ಅಲ್ಲಿ ಕೂತು ಚೈತ್ರಳ ಪುಸ್ತಕವೊಂದನ್ನು ಬಿಡಿಸಿಕೊಂಡು, ನೀನು ಹೊರಗೆ ಹೋಗು, ಮನಸ್ಸು ಬಂದಾಗ ಸದ್ದಿಲ್ಲದೆ ಬಾ ಎಂದು ನನಗೆ ಹೇಳಿದರು. ನಾನು ತುದಿಗಾಲಲ್ಲಿ ಬಂದು ಭುಜದ ಮೇಲೆ ಕೈಯಿಟ್ಟದ್ದೇ ತಡ, "ಯಾ ಅಲ್ಲಾ" ಎಂದು ಕಿರುಚಿ ಪುಸ್ತಕ ಎಸೆದುಬಿಟ್ಟರು. ನಾನೂ ಕಿರುಚಿದೆ. ಬಾಗಿಲ ಬಳಿ ನಿಂತಿದ್ದ ಚೈತ್ರ ಬಿದ್ದು ಬಿದ್ದು ನಕ್ಕಳು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ. ಕರೆಸಿದ್ದಕ್ಕೆ ಇಷ್ಟೇ ಸಾಕು ಎನ್ನಿಸಿತು ನನಗೆ.

ಆಪಾ ನಗಲಿಲ್ಲ. ಮುಖ ಬಿಳುಚಿಕೊಂಡಿತ್ತು. "ನೋಡಿದ್ರಾ? ಹೆದರಿಕೆ ಸುಳ್ಳು ಹೇಳಲ್ಲ. ಬೆನ್ನ ಹಿಂದೆ ಬಾಗಿಲು ಇಟ್ಕಂಡು ಯಾರೂ ಓದಾಕ ಆಗಲ್ಲ" ಎಂದರು. ಮೇಜು ಬಾಗಿಲಿಗೆ ಮುಖ ಮಾಡಿತು. ಕೊನೆಗೆ ಕೈಚೀಲದಿಂದ ತಮ್ಮದೇ ಸ್ಕ್ರೂಡ್ರೈವರ್ ತೆಗೆದರು. ಓದುವ ಮಕ್ಕಳ ಕೋಣೆಗೆ ಒಳಚಿಲಕ ಇರಬಾರದು, ಚಿಲಕ ಹಾಕಿದರೆ ಒಳಗಿನ ಗಾಳಿ ಕೆಡುತ್ತದೆ ಎಂದು ಹೇಳುತ್ತಲೇ ತಿರುಪುಗಳನ್ನು ಬಿಚ್ಚಿ ಚಿಲಕವನ್ನು ನನ್ನ ಕೈಗೆ ಹಾಕಿದರು. ನನ್ನ ಮನಸ್ಸಿನಲ್ಲಿದ್ದದ್ದನ್ನು ಯಾರೋ ಓದಿ ಮಾಡಿದಂತಿತ್ತು. ಕೈಯಲ್ಲಿದ್ದ ಆ ಕಬ್ಬಿಣವನ್ನು ಹಿಡಿದುಕೊಂಡು ನಾನು ಮನಸ್ಸಿನಲ್ಲೇ ಆಪಾಗೆ ಕೈಮುಗಿದೆ. ಚೈತ್ರಳ ಮುಖದಲ್ಲಿ ನಗು ಇರಲಿಲ್ಲ ಎಂಬುದನ್ನು ಆಗ ಗಮನಿಸಿದ್ದರೂ ದೊಡ್ಡದು ಮಾಡಲಿಲ್ಲ.

ಆ ಭಾನುವಾರ ಅವಳನ್ನು ಕರೆದುಕೊಂಡು ಹರಿಹರಕ್ಕೆ ಹೋಗಿ ಸಣ್ಣ ಕನ್ನಡಿ ತಂದೆ. ಆಪಾ ಚಹಾ ಮಾಡಿಕೊಟ್ಟು, ಅಂಗಡಿಯ ಹಿಂದಿನ ಮನೆ ತೋರಿಸಿದರು. ಅಲ್ಲೊಂದು ಕೋಣೆಗೆ ಬೀಗ ಹಾಕಿತ್ತು. ಯಾಕೆಂದು ಚೈತ್ರ ಕೇಳಿದಾಗ, ಅದು ನಾನು ಓದುತ್ತಿದ್ದ ರೂಮು, ಈಗ ಬಳಸುವುದಿಲ್ಲ ಎಂದಷ್ಟೇ ಹೇಳಿ ಮಾತು ತಿರುಗಿಸಿದರು.

ಚಿಲಕ ಹೋದ ಮೇಲೆ ನನಗೆ ಸುಖವೇ ಸುಖ. ಆ ಕೋಣೆಯ ಮುಂದೆ ಎಷ್ಟು ಸಲ ಹಾಯ್ದೆನೋ ಲೆಕ್ಕವಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ ಹೋಗುವುದಕ್ಕೂ ಅದೇ ದಾರಿ ಮಾಡಿಕೊಂಡೆ. ಹಾದಾಗಲೆಲ್ಲ ತೆರೆದ ಬಾಗಿಲಿನಿಂದ ಮೇಜಿನ ಹಿಂದೆ ಮಗಳ ಮುಖ ಕಾಣುತ್ತಿತ್ತು, ಅವಳಿಗೆ ನನ್ನ ಮುಖ ಕಾಣುತ್ತಿತ್ತು. ಅವರಪ್ಪನೂ ಟವೆಲ್ಲು ಹುಡುಕುವ ನೆಪದಲ್ಲಿ ಇಣುಕುತ್ತಿದ್ದರು. ಚೈತ್ರ ಬಡವಾದಳು. ಪುಸ್ತಕದ ಅದೇ ಪುಟ ಎಷ್ಟೋ ಹೊತ್ತು ತೆರೆದೇ ಇರುತ್ತಿತ್ತು. ಕೋಚಿಂಗಿನ ಪರೀಕ್ಷೆಗಳಲ್ಲಿ ಅಂಕ ಇಳಿಯಿತು. ಒಂದು ದಿನ ನಾನು ಬಾಗಿಲಲ್ಲಿ ಸುಮ್ಮನೆ ನಿಂತದ್ದನ್ನು ನೋಡಿ ಪೆನ್ನು ಕೆಳಗಿಟ್ಟು ಕೇಳಿದಳು.

"ಅಮ್ಮಾ, ನಾನು ಓದ್ತಿದೀನಾ ಅಂತ ನೋಡಾಕ ಬರ್ತೀಯೋ, ಬದುಕಿದೀನಾ ಅಂತ ನೋಡಾಕ ಬರ್ತೀಯೋ?"

ಕೇಳಬಾರದ ಮಾತು ಕೇಳಿದೆಯಲ್ಲೇ ಎಂದು ಬೈಯಲು ಆಗಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತದೆಂದು ಓಡಿಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಅದಾದ ಕೆಲವೇ ದಿನಕ್ಕೆ, ಕೋಚಿಂಗಿನಿಂದ ಮಧ್ಯಾಹ್ನ ಬರಬೇಕಾದವಳು ಬರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಬೇಡವೆಂದು ಅವಳ ಫೋನನ್ನು ಅವರಪ್ಪ ತೆಗೆದಿಟ್ಟಿದ್ದರು. ನಾನು ಕಾದೆ, ಬೀದಿ ತುದಿಗೆ ಹೋಗಿ ನೋಡಿದೆ, ಅವಳ ಗೆಳತಿಯರಿಗೆಲ್ಲ ಫೋನು ಹಚ್ಚಿದೆ. ಒಬ್ಬ ಹುಡುಗಿ ಹೇಳಿದಳು, ಚೈತ್ರ ಕ್ಲಾಸಿಗೇ ಬರಲಿಲ್ಲ ಆಂಟಿ, ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದ್ದನ್ನು ನೋಡಿದೆ. ಹರಿಹರ ಅಂದರೆ ಸಾಕು, ಆಪಾರ ನೆನಪೂ ಬರದೆ ನನ್ನ ಕಣ್ಣಿಗೆ ಬಂದದ್ದು ಹೊಳೆ. ತುಂಗಭದ್ರೆ, ಅದರ ಮೇಲಿನ ಸೇತುವೆ. ಗಂಡನಿಗೆ ಫೋನು ಮಾಡಿ ಹೊಳೆ ಕಡೆ ಹೋಗ್ರಿ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಕೇಳದೆ ಇದ್ದದ್ದರಿಂದ ಅವರ ಎದೆಯೊಳಗೂ ಇದೇ ಹೆದರಿಕೆ ಇಷ್ಟು ದಿನ ಇತ್ತೆಂದು ನನಗೆ ತಿಳಿಯಿತು.

ದಾವಣಗೆರೆಯಿಂದ ಹರಿಹರ ಏನು ದೂರ? ನಿತ್ಯ ಸಾವಿರಾರು ಜನ ಹೋಗಿ ಬರುವ ದಾರಿ. ಅವತ್ತು ಅದು ಮುಗಿಯಲೇ ಇಲ್ಲ. ಬಸ್ಸಿನಲ್ಲಿ ಒಂದೇ ಸಮನೆ ಸಿಕ್ಕಸಿಕ್ಕವರಿಗೆ ಫೋನು ಮಾಡುತ್ತಲೇ ಇದ್ದೆ. ಪಕ್ಕದಲ್ಲಿ ಕೂತ ಹೆಂಗಸು ಯಾಕ್ರಿ ಅಕ್ಕಾರ, ಯಾರಿಗೇನಾತು ಎಂದು ನೀರಿನ ಬಾಟಲಿ ಕೊಟ್ಟಳು. ಬಾಟಲಿ ಹಿಡಿದುಕೊಂಡೇ ಇನ್ನೊಂದು ನಂಬರು ಒತ್ತಿದೆ. ಆಟೊ ಹಿಡಿದು ಸೇತುವೆ ಮುಟ್ಟಿದಾಗ ನನ್ನ ಗಂಡ ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡು ಕಟ್ಟೆಗೆ ಆತುಕೊಂಡು ನೀರನ್ನೇ ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ದೂರದಲ್ಲಿ ಕೆಂಪು ಬಟ್ಟೆಯೊಂದು ತೇಲಿದಂತೆ ಕಂಡು ಗಂಡನ ತೋಳು ಹಿಡಿದೆ. ಅದು ಒಗೆಯುವವರ ಸೀರೆ.

ಆಗ ನನ್ನ ಫೋನು ಬಡಿದುಕೊಂಡಿತು. ಆಪಾ. ಬೆಳಿಗ್ಗೆಯೇ ಫೋನು ಮಾಡಬೇಕೆಂದಿದ್ದರಂತೆ, ಸಂಜೆಯ ಒಳಗೆ ನಾನೇ ಮನೆಗೆ ಹೋಗಿ ಹೇಳ್ತೀನಿ ಅಂತ ಚೈತ್ರ ಕೈ ಹಿಡಿದು ಬೇಡಿಕೊಂಡಳಂತೆ. ಮಧ್ಯಾಹ್ನವಾದ ಮೇಲೆ ತಡೆಯಲಾರದೆ ಮಾಡಿದರೆ ನನ್ನ ಫೋನು ಬರೀ ಬ್ಯುಸಿ. ದನಿ ಇಳಿಸಿ ಮಾತಾಡುತ್ತಿದ್ದರು. "ಮಗಳು ನಮ್ಮನೇಲಿ ಅದಾಳೆ ತಂಗಿ. ಚೆಂದಾಗಿ ಅದಾಳೆ. ಬರ್ರಿ, ಆದ್ರೆ ಸದ್ದು ಮಾಡಬ್ಯಾಡ್ರಿ." ನನ್ನ ಗಂಡ ರಸ್ತೆಯ ಬದಿಯಲ್ಲೇ ಕುಕ್ಕರಿಸಿ ಹೆಲ್ಮೆಟ್ಟಿನಲ್ಲಿ ಮುಖ ಇಟ್ಟುಕೊಂಡು ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಅಂಗಡಿ ಅರ್ಧ ಮುಚ್ಚಿತ್ತು. ಹಿಂದಿನ ಮನೆಯಲ್ಲಿ, ಬೀಗ ಹಾಕಿದ್ದ ಆ ಕೋಣೆಯ ಬೀಗ ತೆಗೆದಿತ್ತು. ಬಾಗಿಲು ಮಾತ್ರ ಮುಚ್ಚಿತ್ತು, ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲ ಹೊರಗೆ ಮಣೆಯ ಮೇಲೆ ಆಪಾ ತಸ್ಬಿ ಹಿಡಿದು ಕೂತಿದ್ದರು. ಆ ಜಪಮಣಿಯನ್ನು ಒಂದೇ ಸಮನೆ ಎಣಿಸುತ್ತಿದ್ದರು. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ನಾನು ಬಾಗಿಲು ಬಡಿಯಲು ಕೈಯೆತ್ತಿದೆ. ಆಪಾ ಎದ್ದು ನನ್ನ ಮುಂಗೈ ಹಿಡಿದರು. ಗಾಜು ಎತ್ತುವ ಕೈ ಅದು, ಅಲುಗಾಡಿಸಲು ಆಗಲಿಲ್ಲ. ಕಿವಿಯನ್ನು ಬಾಗಿಲಿಗೆ ಕೊಡು ಎಂದು ಸನ್ನೆ ಮಾಡಿದರು.

ಒಳಗೆ ನನ್ನ ಮಗಳು ಬಾಯಿಬಿಟ್ಟು ಓದುತ್ತಿದ್ದಳು. ಜೀವಕೋಶ, ಅದರ ಗೋಡೆ, ಅದರ ಒಳಗಿನ ಏನೇನೋ ಇಂಗ್ಲಿಷಿನಲ್ಲಿ. ಒಂದನೇ ಎರಡನೇ ಇಯತ್ತೆಯ ಮಕ್ಕಳು ಓದುತ್ತಾರಲ್ಲ, ಹಾಗೆ ಗಟ್ಟಿಯಾಗಿ, ರಾಗವಾಗಿ. ನಾನು ಬಾಗಿಲಿಗೆ ಒರಗಿ ಹಾಗೇ ನೆಲಕ್ಕೆ ಜಾರಿ ಕೂತೆ.

ನಡೆದದ್ದನ್ನು ಆಪಾ ಪಿಸುದನಿಯಲ್ಲಿ ಹೇಳಿದರು. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಬಂದು ನಿಂತ ಹುಡುಗಿ ಕೇಳಿದ್ದು ಒಂದೇ, ನಿಮ್ಮ ಮನೇಲಿ ಚಿಲಕ ಇರೋ ರೂಮ್ ಐತಾ ಆಪಾ ಎಂದು. ಯಾಕೆ ಬೇಟಿ ಎಂದರೆ, ಓದಬೇಕು, ನಮ್ಮನೇಲಿ ಎಲ್ರೂ ನನ್ನ ಕಾಯ್ತಾರೆ, ನಾನು ಸತ್ತಿಲ್ಲ ಅಂತ ಅವರಿಗೆ ತೋರಿಸೋದ್ರಲ್ಲೇ ದಿನ ಹೋಗ್ತೈತೆ ಎಂದಳಂತೆ. ಆಪಾ ಬೀಗ ತೆಗೆದರು. ಚಿಲಕ ಹಾಕಿಕೋ, ನಾನು ಬಡಿಯುವುದಿಲ್ಲ, ಕರೆಯುವುದಿಲ್ಲ, ಆದರೆ ನೀನು ಬಾಯಿಬಿಟ್ಟು ಓದಬೇಕು ಎಂಬ ಒಂದೇ ಷರತ್ತು. ಓದು ನಿಂತರೆ ನಾನು ಹೊರಗೆ ಕೆಮ್ಮುತ್ತೇನೆ, ಆಗ ಮತ್ತೆ ಶುರು ಮಾಡು. ಹೀಗೆ ಬೆಳಿಗ್ಗೆಯಿಂದ ಆಕೆ ಆ ಮಣೆ ಬಿಟ್ಟು ಎದ್ದಿರಲಿಲ್ಲ, ಊಟಕ್ಕೆ ಚೈತ್ರಳೇ ಹೊರಗೆ ಬಂದಾಗ ಒಮ್ಮೆ ಬಿಟ್ಟರೆ.

ಹೇಳುತ್ತಿದ್ದಂತೆ ಒಳಗಿನ ದನಿ ನಿಂತಿತು. ಆಪಾರ ಬೆರಳು ತಸ್ಬಿಯ ಮೇಲೆ ನಿಂತಿತು. ಆಪಾ ಕೆಮ್ಮಿದರು. ಒಳಗೆ ಸದ್ದಿಲ್ಲ. ಇನ್ನೊಮ್ಮೆ ಕೆಮ್ಮಿದರು, ಆ ಕೆಮ್ಮು ಅರ್ಧ ಅಳುವಾಗಿತ್ತು. ನನ್ನ ಗಂಡ ಬಾಗಿಲು ಒಡೆಯುವವರಂತೆ ಮುಂದೆ ಬಂದರು. ಅಷ್ಟರಲ್ಲಿ ಕುರ್ಚಿ ಸರಿದ ಸದ್ದು, ಪುಟ ಹೊರಳಿದ ಸದ್ದು. "ನೀರು ಕುಡೀತಿದ್ದೆ ಆಪಾ" ಎಂದಳು ಒಳಗಿಂದ, ಮತ್ತೆ ಓದತೊಡಗಿದಳು. ಹೊರಗೆ ನಾವು ಮೂವರು ಒಬ್ಬರನ್ನೊಬ್ಬರು ನೋಡಿಕೊಂಡು ಬೆಪ್ಪಾಗಿ ಕೂತೆವು.

ಆ ಕೋಣೆಯ ಬಗ್ಗೆ ಆಪಾ ಹೇಳಿದ್ದು ಆಗಲೇ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅಲ್ಲಿ ಚಿಲಕ ಹಾಕಿಕೊಂಡು, ಬಾಗಿಲಿಗೆ ಬೆನ್ನು ಹಾಕಿ ಓದುತ್ತಿದ್ದರಂತೆ. ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ತಮ್ಮನ ತುಂಟಾಟ ಎಂದುಕೊಂಡು ಇವರು ಏಳಲಿಲ್ಲ. ಬಹಳ ಹೊತ್ತು ಬಡಿದರು, ಇವರು ಇನ್ನೂ ಗಟ್ಟಿಯಾಗಿ ಓದಿದರು. ಕೊನೆಗೆ ಬೇಸತ್ತು ಬಾಗಿಲು ತೆರೆದಾಗ ಮನೆಯಲ್ಲಿ ಯಾರೂ ಇರಲಿಲ್ಲ, ಅಂಗಡಿಯ ತುಂಬ ಗಾಜಿನ ಚೂರು. ತಂದೆಯ ಮೇಲೆ ಗಾಜು ಬಿದ್ದಿತ್ತು. ದಾವಣಗೆರೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಜೀವ ಹೋಯಿತು. ಮಗಳನ್ನು ಕರೀರಿ ಎಂದು ಅವರು ಹೇಳಿದ್ದರಂತೆ. ಆಪಾ ಆ ಪರೀಕ್ಷೆಗೆ ಕೂರಲಿಲ್ಲ, ಮತ್ತೆಂದೂ ಆ ಕೋಣೆಯಲ್ಲಿ ಕೂರಲಿಲ್ಲ.

"ಪುಸ್ತಕದಾಗೆ ಬರೆದಿದ್ದು ಸ್ವಲ್ಪ, ನಂದೇ ಜಾಸ್ತಿ ತಂಗಿ" ಎಂದರು. "ನನ್ನ ಹೆದರಿಕೇನ ಹೊತ್ಕಂಡು ಹೋಗಿ ಮಕ್ಕಳ ರೂಮ್ನಾಗೆ ಇಟ್ಟು ಬಂದೆ. ಹೆದರಿಕೆ ಸುಳ್ಳು ಹೇಳ್ತೈತೆ. ಇವತ್ತು ಗೊತ್ತಾತು."

ಮರುದಿನವೇ ಬಂದರು. ಈ ಸಲ ಮಂಚದ ಮೇಲೆ ಮಲಗಲಿಲ್ಲ. ನನ್ನಿಂದ ಚಿಲಕ ಇಸಿದುಕೊಂಡು, ಅದೇ ಸ್ಕ್ರೂಡ್ರೈವರಿನಿಂದ ಅದೇ ತೂತುಗಳಿಗೆ ತಿರುಪು ಹಾಕಿ ಕೂರಿಸಿದರು. ತಿರುಪೊಂದು ಕೈತಪ್ಪಿ ಕೆಳಗೆ ಬಿತ್ತು, ಚೈತ್ರ ಹೆಕ್ಕಿ ಕೊಟ್ಟಳು. ಮೇಜು ಗೋಡೆಗೆ ಹೋಯಿತು. ಹೊರಡುವಾಗ ನನಗೊಂದು ಮಣೆ ಕೊಟ್ಟು ಹೋದರು, ತಮ್ಮ ಮನೆಯದೇ. ಇಲ್ಲೇ ಕೂತು ಹೆದರು, ಒಳಗೆ ಹೋಗಬೇಡ ಎಂದು ಜಾಗ ತೋರಿಸಿದರು. ಅಂದಿನಿಂದ ಪರೀಕ್ಷೆ ಮುಗಿಯುವವರೆಗೆ ನಾನು ಸಂಜೆಯ ಕಾಳು ಆರಿಸುವುದು, ಸೊಪ್ಪು ಸೋಸುವುದು ಎಲ್ಲ ಆ ಮಣೆಯ ಮೇಲೆಯೇ. ಹೆದರಿಕೆ ಹೋಯಿತೆಂದು ಹೇಳಿದರೆ ಸುಳ್ಳಾದೀತು. ದನಿ ನಿಂತಾಗಲೆಲ್ಲ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯುತ್ತಿತ್ತು. ಕೆಮ್ಮುತ್ತಿದ್ದೆ. ಕೆಲವೊಮ್ಮೆ ಒಳಗಿಂದ, ಒಂದು ಕೆಮ್ಮು ಸಾಕಮ್ಮಾ, ಟಿ.ಬಿ. ಅಂದ್ಕಂಡಾರು ಎಂದು ಅವಳು ಬೈಯುತ್ತಿದ್ದಳು. ಆ ಬೈಗುಳ ಕೇಳಿ ನನಗೆ ಹೊಟ್ಟೆ ತುಂಬುತ್ತಿತ್ತು. ಆ ಮಾಯಕೊಂಡದ ಹುಡುಗಿಗಾಗಿ ಅವಳು ಅತ್ತದ್ದೂ ಆ ಬಾಗಿಲ ಹಿಂದೆಯೇ. ಓದುವ ದನಿ ಅಳುವಾದದ್ದನ್ನು ನಾನು ಹೊರಗೆ ಕೂತು ಕೇಳಿದೆ, ಕೆಮ್ಮಲಿಲ್ಲ.

ಮೆಡಿಕಲ್ ಸೀಟು ಸಿಗಲಿಲ್ಲ. ಯಜಮಾನರು ಎರಡು ದಿನ ಸಪ್ಪಗಿದ್ದು ಸರಿಯಾದರು. ಚೈತ್ರ ಈಗ ನರ್ಸಿಂಗ್ ಓದುತ್ತಾಳೆ. ಆಪಾ ಮಾತ್ರ ಮುಂಚೆ ಚಿಲಕ ತೆಗೆಸಿದ್ದ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ ಚಿಲಕ ಹಾಕಿಸಿ ಬಂದರು. ಕೆಲವರು ತಲೆ ಕೆಟ್ಟಿದೆಯಾ ಎಂದು ನಕ್ಕರಂತೆ. ಅವರ ತಮ್ಮ ಅಕ್ಕನ ಫೆಂಗ್ ಶೂಯಿ ಬಿಟ್ಟಿತು ಎಂದು ಸಂತೋಷಪಟ್ಟ. ಬಿಟ್ಟಿರಲಿಲ್ಲ. ಮಕ್ಕಳ ಮಂಚದ ಮೇಲೆ ಮಲಗಿ ನೋಡುವುದನ್ನು ಕೊನೆಯವರೆಗೂ ಮಾಡಿದರು. ಆಮೇಲೆ ಮಗುವನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ನಿಂಗೆ ಎಲ್ಲಿ ಹೆದರಿಕೆ ಆಗ್ತೈತೆ ಹೇಳು ಎಂದು ಕೇಳುತ್ತಿದ್ದರು.

ಈ ವರ್ಷ ಕಾಯಿಲೆ ಬಿದ್ದರು. ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ತಾವಾಗಿಯೇ ಆ ಬೀಗದ ಕೋಣೆ ಕೇಳಿದರಂತೆ. ನಾನೂ ಚೈತ್ರಳೂ ಹೋದಾಗ ಹೊಸ ಮಂಚ ಬಂದು ಅಂಗಳದಲ್ಲಿ ನಿಂತಿತ್ತು, ಎಲ್ಲಿ ಹಾಕುವುದೆಂದು ತಮ್ಮನ ಹೆಂಡತಿಗೆ ಗೊಂದಲ. ಚೈತ್ರ ಮಂಚವನ್ನು ಒಳಗೆ ಹಾಕಿಸಿ, ಚಪ್ಪಲಿ ಬಿಟ್ಟು, ಅದರ ಮೇಲೆ ತಾನೇ ಉದ್ದಕ್ಕೆ ಮಲಗಿದಳು. ಮೇಲೆ ನೋಡಿದಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕುರ್ಚಿಯಲ್ಲಿ ಕೂತಿದ್ದ ಆಪಾ ನಕ್ಕರು. ಬಾಗಿಲು ಕಾಣೋ ಹಂಗೆ ಹಾಕಿಸ್ಲಾ ಆಪಾ ಎಂದು ಅವಳು ಕೇಳಿದಳು.

"ಬ್ಯಾಡ ಬೇಟಿ" ಎಂದರು. "ಬಾಗಿಲು ನೋಡ್ಕಂತ ಬಾಳ ವರ್ಷ ಕೂತೆ. ಬರೋರು ಬರ್ಲಿ. ಕಿಟಕಿ ಕಡೆ ಹಾಕು."

ಹಾಗೇ ಹಾಕಿದೆವು, ಬಾಗಿಲಿಗೆ ಬೆನ್ನಾಗುವಂತೆ. ಮಲಗಿದ ಮೇಲೆ ಬಾಯಿಬಿಟ್ಟು ಓದು ಎಂದು ಚೈತ್ರಳಿಗೆ ಹೇಳಿದರು. ಅವಳ ಚೀಲದಲ್ಲಿದ್ದದ್ದು ನರ್ಸಿಂಗಿನ ಪುಸ್ತಕ. ಗಾಯಕ್ಕೆ ಪಟ್ಟಿ ಕಟ್ಟುವುದು ಹೇಗೆ ಎಂಬ ಪಾಠವನ್ನು ಗಟ್ಟಿಯಾಗಿ, ರಾಗವಾಗಿ ಓದಿದಳು. ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಆಪಾ ಕೆಮ್ಮುತ್ತಿದ್ದರು. ನಿಜವಾದ ಕೆಮ್ಮಲ್ಲ, ಅದೇ ಹಳೆಯ ಕೆಮ್ಮು. ಚೈತ್ರ ನಗುತ್ತಾ ಮುಂದೆ ಓದುತ್ತಿದ್ದಳು. ನಾನು ತೆರೆದ ಬಾಗಿಲ ಹೊರಗೆ, ಆಪಾ ಅವತ್ತು ಕೂತಿದ್ದ ಜಾಗದಲ್ಲಿ ಇನ್ನೊಂದು ಮಣೆ ಹಾಕಿಕೊಂಡು ಕೂತಿದ್ದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ.

ಪಾಠದ ನಡುವೆ ಒಂದು ಕಡೆ ಚೈತ್ರ ನಿಂತಳು. ಕೆಮ್ಮು ಬರಲಿಲ್ಲ. ಅವಳು ಪುಸ್ತಕದಿಂದ ತಲೆಯೆತ್ತಿ ನನ್ನ ಕಡೆ ನೋಡಿದಳು, ಅವಳ ಕಣ್ಣಲ್ಲಿ ಆಗ ಇದ್ದದ್ದು ನನ್ನದೇ ಹೆದರಿಕೆ. ನನಗೆ ಎದ್ದು ಹೋಗಿ ಆಪಾರ ಮೂಗಿನ ಹತ್ತಿರ ಕೈಯಿಟ್ಟು ನೋಡಬೇಕೆನ್ನಿಸಿತು. ಮಣೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಹೊದಿಕೆ ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು. ನಿದ್ದೆ ಹತ್ತಿತ್ತು. ಬಾಗಿಲಿಗೆ ಬೆನ್ನು ಹಾಕಿ, ಬೆಚ್ಚದೆ, ಬೆವರದೆ ಮಲಗಿದ್ದರು.

ನಾನು ಕೆಮ್ಮಿದೆ. ಚೈತ್ರ ಮುಂದೆ ಓದಿದಳು.